ಕಾಯಕದ ಮೀನು

ಭದ್ರಾವತಿಯ ನ್ಯೂಟೌನಿನಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನ ಒಂದು ಹಿತ್ತಲಲ್ಲಿ, ಸಮುದ್ರದ ದೋಣಿಯೊಂದು ಸಮುದ್ರವನ್ನೇ ಕಾಣದೆ ಬಿದ್ದಿತ್ತು. ಹನ್ನೊಂದು ಅಡಿ ಉದ್ದ, ಒಬ್ಬರೇ ಕೂರುವಷ್ಟು ಅಗಲ, ಮಾಗಿದ ಹಳದಿ ಬಣ್ಣ. ಓಣಿಯವರು ಅದಕ್ಕೆ ಸೌತೆಕಾಯಿ ಅನ್ನುತ್ತಿದ್ದರು. ಅದನ್ನು ಮಾಡಿದ ಯೋಗರಾಜ್ ಕಯಾಕ್ ಅನ್ನುತ್ತಿದ್ದ. ಅವನ ಅಪ್ಪ ಭೂತಪ್ಪನವರ ಬಾಯಲ್ಲಿ ಆ ಮಾತು ಮೊದಲ ದಿನವೇ ಕಾಯಕ ಆಗಿಹೋಗಿತ್ತು.

"ಎಲ್ಲಿ ನಿನ್ ಗಂಡ?"

"ಹಿತ್ಲಲ್ಲಿ ಮಾವ."

"ಕಾಯಕ ಮಾಡ್ತಿದಾನೋ?"

ಪಕ್ಕದ ಮನೆಯ ಜಗದಾಂಬಮ್ಮ ಲಿಂಗಪೂಜೆ ಮುಗಿಯದೆ ಕಾಫಿ ಲೋಟವನ್ನೂ ಮುಟ್ಟದವರು. ಗೋಡೆಯಾಚೆಯಿಂದ ಈ ಮಾತು ಕೇಳಿ ಕೇಳಿ, "ಹುಡುಗ ಅಂದ್ರೆ ಹಂಗಿರ್ಬೇಕು, ಡ್ಯೂಟಿ ಮುಗಿಸ್ಕೊಂಡ್ ಬಂದು ಮತ್ತೆ ಕಾಯಕಕ್ಕೆ ಕೂರ್ತಾನೆ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು.

ಯೋಗರಾಜ್ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದ. ಎರಕ ಹೊಯ್ಯುವ ಮೊದಲು ಅದರ ರೂಪವನ್ನು ಮರದಲ್ಲಿ ಕೆತ್ತುವುದು ಅವನ ಕೆಲಸ. ಕರಗಿದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಹಾಗಾಗಿ ಅಲ್ಲಿಯವರು ಹಿಡಿಯುವ ಅಳತೆಪಟ್ಟಿಯಲ್ಲಿ ಒಂದಡಿ ಅಂದರೆ ನಿಜವಾದ ಒಂದಡಿಗಿಂತ ತುಸು ಹೆಚ್ಚು. ಯೋಗರಾಜ್ ದೋಣಿಗೂ ಅದೇ ಪಟ್ಟಿ ಹಿಡಿದ. ಅದೇ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಚ್ಚು ಕಟ್ಟಿದ ಭೂತಪ್ಪ ನೋಡಿ ನಕ್ಕರು.

"ಫೈಬರ್ ಏನ್ ಕುಲುಮೆಯಿಂದ ಬರುತ್ತೇನೋ, ಆರಿ ಕುಗ್ಗೋಕೆ?"

"ಕೈಗೆ ಅಭ್ಯಾಸ ಆಗ್ಬಿಟ್ಟಿದೆ ಕಣಪ್ಪ. ಇರ್ಲಿ ಬಿಡು, ಸ್ವಲ್ಪ ಜಾಗ ಹೆಚ್ಚಿಗೆ ಇದ್ರೆ ಏನಾಯ್ತು."

ಆರು ತಿಂಗಳು ಮನೆಯೆಲ್ಲ ಅಂಟಿನ ವಾಸನೆ. ಅನ್ನದಲ್ಲೂ ಅದೇ, ತಲೆದಿಂಬಿನಲ್ಲೂ ಅದೇ. ಯೋಗರಾಜನ ಹೆಂಡತಿ ರಂಜಿನಿ ಎಂ.ಎ. ಮುಗಿಸಿ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಪಾಠ ಹೇಳುತ್ತಿದ್ದಳು. ಒಂದು ಸಂಜೆ ಬಸ್ಸಿನಲ್ಲಿ ನಿಂತು ನಿಂತು ಕಾಲು ನೊಂದು ಬಂದವಳಿಗೆ ಅಡುಗೆಮನೆಯಲ್ಲಿ ಹಳದಿ ಬಣ್ಣದ ಡಬ್ಬ ಕಂಡಿತು. ಸಿಟ್ಟು ಬಂತು. ಯೋಗರಾಜ್ ಏನೋ ಹೇಳಲು ಬಾಯಿ ತೆರೆದ.

"ಮೊದ್ಲು ಅದ್ರಲ್ಲಿ ಒಂದ್ ಮೀನು ಹಿಡ್ಕೊಂಡ್ ಬನ್ನಿ. ಆಮೇಲೆ ಮಾತಾಡಿ" ಅಂದಳು.

ಅವನು ನಕ್ಕು ಡಬ್ಬ ಎತ್ತಿಕೊಂಡು ಹೋದ. ಅದು ಜ್ಯೇಷ್ಠದ ಕೊನೆ. ಆಷಾಢದಲ್ಲಿ ಅವನಿಗೆ ಕಾಮಾಲೆ ಬಂತು. ಎಂಟೇ ದಿನಕ್ಕೆ ಹೋಗಿಬಿಟ್ಟ. ಆ ಎಂಟು ದಿನದಲ್ಲಿ ಅವರು ಮಾತಾಡಲಿಲ್ಲವೆಂದಲ್ಲ. ನೀರು ಬೇಕಾ, ಎಳನೀರು ಬೇಕಾ, ಲೈಟ್ ಆರಿಸಲಾ. ಅಂಥವು. ಮೀನಿನ ಮಾತು ಅಲ್ಲಿಯೇ ನಿಂತಿತು.

ಆಮೇಲೆ ರಂಜಿನಿಗೆ ಎಲ್ಲವೂ ಗಾಜಿನಾಚೆ ನಡೆಯುತ್ತಿರುವಂತೆ ಕಾಣತೊಡಗಿತು. ಶಿವಮೊಗ್ಗದ ವಿನೋಬನಗರದಲ್ಲಿದ್ದ ತವರಿನವರು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರು. ಡಾಕ್ಟರು ನಿದ್ದೆಗೆಂದು ಬೆಳ್ಳಿಬಣ್ಣದ ಪಟ್ಟಿಯ ಗುಳಿಗೆ ಕೊಟ್ಟರು. ನಿದ್ದೆ ಬಂತು, ಬಂದದ್ದು ಹಗಲಲ್ಲೂ ಹೋಗಲಿಲ್ಲ. ರಜೆಯ ದಿನ ಹಿತ್ತಲಿಗೆ ಹೋಗಿ ದೋಣಿಯೊಳಗೆ ಕಾಲು ಚಾಚಿ ಕೂರುತ್ತಿದ್ದಳು. ಸೀಟು ಅವನ ಸೊಂಟದ ಅಳತೆಯದು, ಅದೂ ಕುಗ್ಗುವ ಲೆಕ್ಕ ಸೇರಿಸಿ. ಎರಡೂ ಪಕ್ಕ ಅಂಗೈ ಅಗಲ ಖಾಲಿ. ನುಗ್ಗೆಮರದ ಎಲೆಗಳ ನೆರಳು ಹಳದಿಯ ಮೇಲೆ ಹರಿದಾಡುತ್ತಿತ್ತು. ಕಣ್ಣು ಅರೆಮುಚ್ಚಿದರೆ ಹಿತ್ತಲೇ ಮೆಲ್ಲಗೆ ತೇಲಿ ಹೋಗುತ್ತಿತ್ತು. ಬಟ್ಟೆ ಒಗೆಯುವ ಕಲ್ಲು, ತಂತಿಯ ಮೇಲಿನ ಸೀರೆ, ಜಗದಾಂಬಮ್ಮನ ದಾಸವಾಳ, ಒಂದೊಂದಾಗಿ ಹಿಂದಕ್ಕೆ.

ಸಂಕ್ರಾಂತಿ ಕಳೆದ ಮೇಲೆ ಮಾರಪ್ಪ ಬಂದ. ಭೂತಪ್ಪನವರ ತಂಗಿಯ ಮಗ, ಹಳ್ಳಿಯಲ್ಲಿ ಎಮ್ಮೆ ಕಟ್ಟಿಕೊಂಡಿದ್ದವನು. ಯುಗಾದಿಯೊಳಗೆ ಕ್ವಾರ್ಟರ್ಸ್ ಬಿಡಬೇಕಿತ್ತು. ಸಾಮಾನಿಗೆಲ್ಲ ಒಂದು ದಾರಿ ಆಗಿತ್ತು, ದೋಣಿಯೊಂದು ಉಳಿದಿತ್ತು. ಮಾರಪ್ಪ ಅದರ ಸುತ್ತ ಎರಡು ಸುತ್ತು ಬಂದು ಗೇಣು ಹಾಕಿ ಅಳೆದ.

"ಮಧ್ಯಕ್ಕೆ ಸರಿಯಾಗಿ ಕುಯ್ದ್ರೆ ಎರಡು ಬಾನಿ ಆಗ್ತವೆ ಮಾವ. ಎಮ್ಮೆಗೆ ಕಲಗಚ್ಚು ಹಾಕೋಕೆ ಭಾರೀ ಚೆನ್ನಾಗಿರ್ತವೆ. ತುಕ್ಕೂ ಹಿಡಿಯಲ್ಲ."

"ತಗೊಂಡ್ ಹೋಗು" ಅಂದರು ಭೂತಪ್ಪ, ಹೊಸ್ತಿಲ ಒಳಗೇ ನಿಂತು. ಮಗ ಹೋದ ಮೇಲೆ ಅವರು ಹಿತ್ತಲ ಬಾಗಿಲು ದಾಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೀನಿಗೆ ಗಾಣದ ಕೊಕ್ಕೆ ಹಾಕಲು ಭದ್ರಾ ಹೊಳೆಗೂ ಹೋಗಿರಲಿಲ್ಲ. ಮೂವತ್ತು ವರ್ಷ ಒಂದು ಭಾನುವಾರವೂ ತಪ್ಪಿಸಿದವರಲ್ಲ.

"ಬೇಡ" ಅಂದಳು ರಂಜಿನಿ.

ಇಬ್ಬರೂ ತಿರುಗಿ ನೋಡಿದರು. ಮನೆಯಲ್ಲಿ ಅವಳು ತಾನಾಗಿ ಮಾತಾಡಿ ಬಹಳ ದಿನವಾಗಿತ್ತು.

"ಅದ್ರಲ್ಲಿ ಒಂದು ಮೀನು ಹಿಡೀಬೇಕು. ಸಮುದ್ರದ್ದು."

"ಯಾರು?"

"ನಾನು."

ಮಾರಪ್ಪನಿಗೆ ನಗು ತಡೆಯಲಿಲ್ಲ. "ಅಕ್ಕ, ನಿಮ್ಗೆ ತೆಪ್ಪದ ಮೇಲೆ ಕೂತ್ರೆ ತಲೆ ಸುತ್ತುತ್ತೆ ಅಂತ ಯೋಗಣ್ಣನೇ ಹೇಳ್ತಿದ್ದ!"

ಭೂತಪ್ಪ ನಗಲಿಲ್ಲ. ಸೊಸೆಯ ಮುಖವನ್ನು ನೋಡಿದರು. ಅಲ್ಲಿ ಹಟವೂ ಕಾಣಲಿಲ್ಲ, ಅಳುವೂ ಕಾಣಲಿಲ್ಲ. "ಯುಗಾದಿವರೆಗೂ ಟೈಮು. ಒಂದೇ ಒಂದು ಮೀನು. ಬಂದ್ರೆ ಕಾಯಕ ನಿಂದು. ಬರ್ದೇ ಇದ್ರೆ ಎಮ್ಮೇದು. ಆಮೇಲೆ ಅದ್ರ ಸುದ್ದಿ ನನ್ ಮುಂದೆ ಯಾರೂ ಎತ್ತಬಾರ್ದು."

ಮುಂದಿನ ಭಾನುವಾರ ಅವರೇ ಗೂಡ್ಸ್ ಆಟೋ ಕರೆದರು. ಹೊಳೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಬೀಡಿ ಹಚ್ಚಿ, ನೀರನ್ನು ನೋಡದೆ ಬರೀ ಸೊಸೆಯನ್ನು ನೋಡುತ್ತ ಹೇಳಿಕೊಟ್ಟರು. ಯೋಗರಾಜ್ ಥರ್ಮೋಕೋಲ್ ಹೊಲಿದು ಮಾಡಿಟ್ಟಿದ್ದ ತೇಲುಅಂಗಿ ಹಾಕಿಕೊಂಡು ರಂಜಿನಿ ಮೂರು ಸಲ ಮಗುಚಿದಳು. ಭದ್ರೆಯ ನೀರು ಮೂಗಿನೊಳಗೆ ಹೋಯಿತು. ನಾಲ್ಕನೆಯ ಸಲ ಮಗುಚಲಿಲ್ಲ. ಸೀಟಿನ ಎರಡೂ ಪಕ್ಕದ ಖಾಲಿಗೆ ಅವನ ಸ್ವೆಟರುಗಳನ್ನು ತುರುಕಿದ್ದಳು.

"ಅಲ್ಲಾಡ್ಬೇಡ. ಹೊಳೆಮೀನು ಸುಮ್ನೆ ಕೂತವ್ರ ಹತ್ರ ಬರುತ್ತೆ. ಉಸಿರೂ ಸಣ್ಣಗೆ ಬಿಡು."

ಅದು ಅವಳಿಗೆ ಕಷ್ಟವಾಗಲಿಲ್ಲ. ಏಳು ತಿಂಗಳಿಂದ ಅವಳು ಮಾಡುತ್ತಿದ್ದದ್ದೂ ಅದನ್ನೇ.

ಬೀಡಿ ಹಚ್ಚಲು ಎರಡೂ ಕೈ ಬೇಕಾದಾಗ ಭೂತಪ್ಪ ಗಾಣದ ದಾರವನ್ನು ಕಾಲ್ಬೆರಳಿಗೆ ಒಂದು ಸುತ್ತು ಸುತ್ತಿಕೊಳ್ಳುತ್ತಿದ್ದರು. ರಂಜಿನಿಯೂ ಹಾಗೆಯೇ ಸುತ್ತಿದಳು. ಹೆಬ್ಬೆರಳ ಪಕ್ಕದ ಬೆರಳಲ್ಲಿ ಕಾಲುಂಗುರ ಕೂತಿದ್ದ ತಗ್ಗು ಇನ್ನೂ ತುಂಬಿರಲಿಲ್ಲ. ದಾರ ಅಲ್ಲಿ ಚೆನ್ನಾಗಿ ಕೂತಿತು.

ಫೆಬ್ರವರಿಯಲ್ಲಿ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾವರದ ಬಸ್ಸಿನ ಮೇಲೆ ದೋಣಿ ಏರಿತು. ಕಂಡಕ್ಟರ್ ಕೆಳಗೆ ನಿಂತು ಟೋಪಿ ಹಿಂದಕ್ಕೆ ಸರಿಸಿದ.

"ಏನ್ ಮೇಡಂ ಇದು, ತೊಟ್ಟಿಲಾ?"

"ಕಯಾಕ್."

"ಕಾಯಕಾನಾ? ಸರ್ವಿಸ್ ಸೇರಿ ಇಪ್ಪತ್ತು ವರ್ಷ ಆಯ್ತು ಮೇಡಂ, ಕಾಯಕಾನ ಲಗೇಜಿಗೆ ಹಾಕಿದ್ದು ಇವತ್ತೇ ಫಸ್ಟು!" ಬಸ್ಸೆಲ್ಲ ನಕ್ಕಿತು. ರಂಜಿನಿಯ ತುಟಿಯೂ ತುಸು ಅಲ್ಲಾಡಿತು. ಅದು ಅವಳಿಗೆ ಗೊತ್ತಾದದ್ದು ಸಾಗರ ದಾಟಿದ ಮೇಲೆ.

ಘಟ್ಟ ಇಳಿಯುವಾಗ ಮಂಜಿನೊಳಗೆ ಬಸ್ಸು ತಿರುವು ತಿರುವಿಗೂ ಓಲಾಡಿತು. ತಲೆಯ ಮೇಲೆ ದೋಣಿ ಹಗ್ಗ ಎಳೆದು ಕಿರ್ ಅನ್ನುತ್ತಿತ್ತು. ಅವನೇ ಮೇಲೆ ಮಲಗಿ ಮಗ್ಗುಲು ಬದಲಿಸಿದಂತೆ. ಕೇಳುತ್ತ ಕೇಳುತ್ತ ಅವಳು ನಿದ್ದೆಹೋದಳು.

ಶರಾವತಿ ಸಮುದ್ರ ಸೇರುವಲ್ಲಿ, ಗಾಳಿಮರಗಳ ಕೆಳಗೆ, ಜಟ್ಟಪ್ಪನೆಂಬ ಮುದುಕನ ಮನೆ. ಒಬ್ಬನೇ ಕೂರುವ ಪಾತಿದೋಣಿಯಲ್ಲಿ ಗಾಣ ಹಾಕುವವನು. ಅವನ ಹೆಂಡತಿ ರಾತ್ರಿ ಉಳಿಯಲು ಜಗುಲಿ ಕೊಟ್ಟಳು. ಬೆಳಿಗ್ಗೆ ರಂಜಿನಿ ದೋಣಿಯನ್ನು ನೀರಂಚಿನಲ್ಲಿಟ್ಟು, ಭದ್ರೆಯಲ್ಲಿ ಬಿಟ್ಟುಬಂದಂತೆಯೇ ಬಿಟ್ಟು, ಚಹಾ ಕುಡಿಯಲು ಹೋದಳು. ಬಂದು ನೋಡಿದರೆ ದೋಣಿ ಇಲ್ಲ. ಅದು ಇನ್ನೂರು ಗಜ ಆಚೆ, ತನ್ನ ಪಾಡಿಗೆ ತಾನು, ಹಳದಿಯಾಗಿ ತೇಲುತ್ತಿತ್ತು. ಜಟ್ಟಪ್ಪ ಹೋಗಿ ಎಳೆದುಕೊಂಡು ಬಂದ.

"ಇದ್ನ ಹೊಳೆ ಅಂತ ಮಾಡಿದ್ಯನೇ ತಂಗಿ? ಈ ನೀರು ಇದ್ದಲ್ಲಿ ಇರೂದಿಲ್ಲ. ಏರ್ತದೆ, ಇಳೀತದೆ."

ನೀರಿಗಿಳಿದ ಮೇಲೆ ಇನ್ನೊಂದು ಎಡವಟ್ಟು. ಭೂತಪ್ಪ ಕಟ್ಟಿಕೊಟ್ಟಿದ್ದ ಬುತ್ತಿಯಲ್ಲಿ ಮೀನಿಗೆಂದು ರಾಗಿಮುದ್ದೆ ಇತ್ತು, ಇಂಗು ಹಾಕಿ ನಾದಿದ್ದು. ಭದ್ರೆಯ ಮೀನು ಅದಕ್ಕೆ ಹುಚ್ಚಾಗುತ್ತವೆ. ಉಪ್ಪುನೀರಿಗೆ ಬಿದ್ದ ಮುದ್ದೆ ಅರೆಕ್ಷಣದಲ್ಲಿ ಕಂದು ಮೋಡವಾಗಿ ಚದುರಿತು. ಮತ್ತೊಂದು ಉಂಡೆ, ಮತ್ತೊಂದು ಮೋಡ. ಮಧ್ಯಾಹ್ನದವರೆಗೆ ಅವಳು ಸಮುದ್ರಕ್ಕೆ ಮುದ್ದೆ ಉಣ್ಣಿಸಿದಳು.

ದಡದಲ್ಲಿ ಜಟ್ಟಪ್ಪನಿಗೆ ಗೊತ್ತಾಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾರು ತರಲಿಲ್ಯನೇ ಜೊತಿಗೆ?"

"ಹಂಗಾದ್ರೆ ಹೇಗೆ ಹಿಡೀಬೇಕು, ನೀವಾದ್ರೂ ಹೇಳಿಕೊಡಿ."

"ನಂಗೆ ಯಾರು ಹೇಳಿಕೊಟ್ರು? ಹೋಗು, ಬಾ. ಹೋಗು, ಬಾ. ಅಷ್ಟೇಯ."

ದೋಣಿ ಜಟ್ಟಪ್ಪನ ಅಂಗಳದಲ್ಲೇ ಉಳಿಯಿತು. ಅವಳು ಶನಿವಾರ ಕ್ಲಾಸು ಮುಗಿಸಿ ಬಸ್ಸು ಹತ್ತುತ್ತಿದ್ದಳು. ಹೋದಳು, ಬಂದಳು. ಸಿಗಡಿ ಚುಚ್ಚಿದಳು, ಅದನ್ನು ಏಡಿ ತಿಂದವು. ಒಂದು ಭಾನುವಾರವೆಲ್ಲ ವಾಂತಿ. ಅಲೆಗೆ ಅಡ್ಡ ನಿಂತರೆ ಮಗುಚುತ್ತದೆ, ಮೂಗು ಕೊಟ್ಟರೆ ಎತ್ತಿ ಇಳಿಸುತ್ತದೆ ಎನ್ನುವುದನ್ನು ಸೊಂಟ ತಾನೇ ಕಲಿತುಕೊಂಡಿತು. ನೀರಿನ ಬಣ್ಣ ಎಲ್ಲಿ ಬದಲಾಗುತ್ತದೆ, ಬೆಳ್ಳನೆ ಹಕ್ಕಿಗಳು ಎಲ್ಲಿ ಬೀಳುತ್ತವೆ ಎಂಬುದನ್ನು ಕಣ್ಣು ಕಲಿಯಿತು. ಗುಳಿಗೆ ನುಂಗಿ ಹೋದರೆ ಎರಡು ಅಲೆ ಒಂದಾಗಿ ಕಾಣುತ್ತವೆ ಎಂದು ಗೊತ್ತಾಗಿ ಶನಿವಾರದ ಗುಳಿಗೆ ಬಿಟ್ಟಳು. ಆಮೇಲೆ ಉಳಿದ ದಿನದ್ದೂ ಬಿಟ್ಟುಹೋಯಿತು. ಮೀನು ಮಾತ್ರ ಬರಲಿಲ್ಲ.

ಭದ್ರಾವತಿಯಲ್ಲಿ ಭೂತಪ್ಪ ಏನನ್ನೂ ಕೇಳುತ್ತಿರಲಿಲ್ಲ. ಜಗದಾಂಬಮ್ಮ ಕೇಳುತ್ತಿದ್ದರು.

"ಎಲ್ಲಿಗಮ್ಮ ವಾರವಾರ?"

ಭೂತಪ್ಪ ಒಳಗಿನಿಂದಲೇ ಅಂದರು, "ಕಾಯಕಕ್ಕೆ ಹೋಗ್ತಾಳೆ."

ಜಗದಾಂಬಮ್ಮನ ಕಣ್ಣು ತೇವವಾಯಿತು. "ಒಳ್ಳೇದಾಗ್ಲಿ ತಾಯಿ. ಗಂಡ ಬಿಟ್ಟುಹೋದ ಕಾಯಕ ನಡೆಸ್ಕೊಂಡ್ ಹೋಗ್ತಿದೀಯ." ಅಷ್ಟಕ್ಕೇ ಬಿಡದೆ ಕೈಗೆ ಒಂದು ಪೊಟ್ಟಣ ವಿಭೂತಿ ಕೊಟ್ಟರು. ರಂಜಿನಿ ಅದನ್ನು ಬ್ಯಾಗಿನಲ್ಲಿಟ್ಟುಕೊಂಡಳು. ತಿದ್ದಿ ಹೇಳಬೇಕು ಅನಿಸಲಿಲ್ಲ.

ಯುಗಾದಿಗೆ ಮೊದಲಿನ ಕೊನೆಯ ಭಾನುವಾರ. ಸಮುದ್ರ ಆ ದಿನ ಎಣ್ಣೆ ಸುರಿದಂತೆ ಮಲಗಿತ್ತು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೋ ತಿಳಿಯದು. ಬೆಳಗಿನಿಂದ ಸೂರ್ಯ ನೆತ್ತಿಗೇರುವವರೆಗೆ ರಂಜಿನಿ ಮಾವ ಹೇಳಿದಂತೆ ಅಲುಗದೆ ಕೂತಳು. ತಂದ ಸಿಗಡಿ ಮುಗಿಯಿತು. ಅವಳಿಗೆ ಎರಡು ಬಾನಿ ಕಂಡವು. ಹಳದಿ ಬಾನಿ, ಅದರೊಳಗೆ ಮುಖವಿಟ್ಟ ಎಮ್ಮೆ. ಆ ಮಾತು ಹಾಗೆಯೇ ಉಳಿಯುತ್ತದೆ. ಆಮೇಲೆ ಮಾತಾಡಿ ಅಂದದ್ದು, ಅವನು ನಕ್ಕು ಡಬ್ಬ ಎತ್ತಿಕೊಂಡದ್ದು.

ಬ್ಯಾಗಿನ ತಳದಲ್ಲಿ ಖಾಲಿ ಗುಳಿಗೆಪಟ್ಟಿಯೊಂದು ಕೈಗೆ ಸಿಕ್ಕಿತು. ಬಿಸಿಲಿಗೆ ಕಣ್ಣು ಕೋರೈಸುವಂತೆ ಹೊಳೆಯಿತು. ಸುಮ್ಮನೆ, ಬೇರೇನೂ ಇಲ್ಲವಲ್ಲ ಎಂದು, ಕಿರುಬೆರಳ ಉದ್ದ ಹರಿದು ಎರಡು ಸಲ ಮಡಿಚಿ ಗಾಣಕ್ಕೆ ಚುಚ್ಚಿ ಬಿಟ್ಟಳು. ಅದು ನೀರಲ್ಲಿ ತೂಗಾಡುತ್ತ ಇಳಿಯಿತು. ಏನೂ ಆಗಲಿಲ್ಲ. ಸರಿ, ಹೋಗೋಣ ಎಂದು ಹುಟ್ಟು ಎತ್ತಿದಳು. ದಾರ ಸುತ್ತಿಡಲೂ ಬೇಸರ. ಕಾಲುಂಗುರದ ತಗ್ಗಿಗೆ ಒಂದು ಸುತ್ತು ಹಾಕಿ ದಡದ ಕಡೆ ಹುಟ್ಟು ಹಾಕತೊಡಗಿದಳು. ಎಡಕ್ಕೊಂದು, ಬಲಕ್ಕೊಂದು. ಹಿಂದೆ ಬೆಳ್ಳಿಚೂರು ನೀರೊಳಗೆ ಮಿಣುಕುತ್ತ ಓಡಿಬರುತ್ತಿತ್ತು.

ಹತ್ತು ಹುಟ್ಟು ಹಾಕಿರಬೇಕು. ಯಾರೋ ಕಾಲ್ಬೆರಳು ಹಿಡಿದು ಜಗ್ಗಿದರು.

"ಅಮ್ಮಾ!" ಎಂದು ಕೂಗಿದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. ದೋಣಿಯ ಮೂಗು ನಿಧಾನಕ್ಕೆ ತಿರುಗಿತು. ದಾರ ಚರ್ಮ ಸೀಳಿ ಕೂತಿತ್ತು. ಹುಟ್ಟು ತೊಡೆಯ ಮೇಲೆ ಎಸೆದು ಎರಡೂ ಕೈಯಲ್ಲಿ ದಾರ ಹಿಡಿದಳು. ಆಚೆ ತುದಿಯಲ್ಲಿ ಜೀವವಿತ್ತು. ಅದು ಬಲಕ್ಕೆ ಓಡಿತು, ಎಡಕ್ಕೆ ಓಡಿತು, ದೋಣಿಯಡಿಯಲ್ಲಿ ನುಸುಳಿತು. ಅವಳು ಎಳೆದಳು, ಬಿಟ್ಟಳು, ಮತ್ತೆ ಎಳೆದಳು. ಎಷ್ಟು ಹೊತ್ತೋ. ಕೊನೆಗೆ ನೀಲಿಬೆನ್ನಿನ, ಬೆಳ್ಳಿಹೊಟ್ಟೆಯ, ಮೊಣಕೈಯುದ್ದದ ಎಳೆ ಅಂಜಲ್ ಒಂದು ಅವಳ ತೊಡೆಯ ಮೇಲೆ ಬಿದ್ದು ಪಟಪಟನೆ ಬಡಿಯಿತು. ಅವಳ ಎದೆಯೂ ಅದೇ ತಾಳದಲ್ಲಿ ಬಡಿಯುತ್ತಿತ್ತು. ಬೆರಳಿನ ಗಾಯಕ್ಕೆ ಉಪ್ಪುನೀರು ತಾಗಿತು. ಉರಿಯಿತು. ಚೆನ್ನಾಗಿ ಉರಿಯಿತು. ಅವಳು ಕಾಲನ್ನು ನೀರಿಗೆ ಇಳಿಬಿಟ್ಟು ಇನ್ನಷ್ಟು ಉರಿಯಲು ಬಿಟ್ಟಳು.

ಜಟ್ಟಪ್ಪ ಮೀನನ್ನೂ ನೋಡಿದ, ಗಾಣದಲ್ಲಿ ಉಳಿದಿದ್ದ ಬೆಳ್ಳಿಚೂರನ್ನೂ ನೋಡಿದ. "ಮೀನಿಗೂ ಗುಳಿಗೆ ಕೊಟ್ಲಲ ಇವ್ಳು! ಓಡ್ಸಿದ್ಯಾ ದೋಣಿನಾ?"

"ಹ್ಞೂಂ. ವಾಪಸ್ ಬರ್ತಿದ್ದೆ."

"ಹಾಂ. ಇಲ್ಲಿ ಮೀನು ಓಡೂದ್ನ ಕಂಡ್ರೆ ಬೆನ್ನುಹತ್ತೂದು. ಕೂತವ್ರ ಹತ್ರ ಎಂತಕ್ಕೆ ಬತ್ತದೆ?"

ಎರಡು ತಿಂಗಳಿಂದ ಗೊತ್ತಿದ್ದೂ ಹೇಳಿರಲಿಲ್ಲ ಮುದುಕ.

ಸೋಮವಾರ ಬೆಳಗಿನ ಮೊದಲ ಬಸ್ಸಿನ ಮೇಲೆ ದೋಣಿ, ಮಡಿಲಲ್ಲಿ ಮಂಜುಗಡ್ಡೆ ತುಂಬಿದ ಡಬ್ಬ. ಮಧ್ಯಾಹ್ನದ ಹೊತ್ತಿಗೆ ಗೂಡ್ಸ್ ಆಟೋ ಕ್ವಾರ್ಟರ್ಸಿನ ಮುಂದೆ ನಿಂತಾಗ ಮಾರಪ್ಪ ಗರಗಸ ಹಿಡಿದು ಜಗುಲಿಯಲ್ಲಿ ಕೂತಿದ್ದ. ಜಗದಾಂಬಮ್ಮ ಗೇಟಿಗೆ ಬಂದರು.

"ಮುಗೀತಾ ತಾಯಿ ಕಾಯಕ?" ಅಂದವರು ಮೂಗಿಗೆ ಸೆರಗು ಹಿಡಿದರು. "ಇದೇನೇ ವಾಸನೆ?"

"ಅದರದ್ದೇ ಅಮ್ಮ."

ಅವರಿಗೆ ಏನು ಅರ್ಥವಾಯಿತೋ, ಸೆರಗು ಹಿಡಿದುಕೊಂಡೇ ಅಲ್ಲಿ ನಿಂತರು. ಒಳಗೆ ಹೋಗಲಿಲ್ಲ.

ಡಬ್ಬದ ಮುಚ್ಚಳ ತೆಗೆದಾಗ ಮಾರಪ್ಪ ಬಗ್ಗಿ ನೋಡಿದ. "ಅಂಜಲ್! ಅಕ್ಕ, ಇದು ಶಿವಮೊಗ್ಗದ ಮೀನ್ ಮಾರ್ಕೆಟ್ಟಲ್ಲಿ ರಾಶಿ ಬಿದ್ದಿರುತ್ತೆ. ಬಸ್ ಇಳಿದು ಐದು ನಿಮಿಷದ ದಾರಿ. ಮಾವ, ನೀವೇ ಹೇಳಿ, ಇದ್ರ ಮೈಮೇಲೇನು ಕಾಯಕದಲ್ಲಿ ಹಿಡಿದಿದ್ದು ಅಂತ ಬರೆದಿದ್ಯಾ?"

ಈ ಒಂದನ್ನು ರಂಜಿನಿ ಯೋಚಿಸಿಯೇ ಇರಲಿಲ್ಲ. ಜಟ್ಟಪ್ಪನ ಚೀಟಿ ತರಬಹುದಿತ್ತು. ಅವನಿಗೆ ಬರೆಯಲು ಬರುತ್ತಿತ್ತೋ ಇಲ್ಲವೋ.

ಭೂತಪ್ಪ ಎದ್ದು ಬಂದರು. ಮೀನನ್ನು ಎಡಗೈಯಲ್ಲಿ ಎತ್ತಿಕೊಂಡರು. ಬಲಗೈ ತೋರುಬೆರಳನ್ನು ಅದರ ಬಾಯೊಳಗೆ ಇಟ್ಟು, ಕಣ್ಣು ಮುಚ್ಚಿ, ಮೇಲ್ದವಡೆಯ ಗುಂಟ ಮೆಲ್ಲಗೆ ಸವರಿದರು. ಕಾರ್ಖಾನೆಯಲ್ಲಿ ಅಚ್ಚಿನೊಳಗೆ ಬಿರುಕಿದೆಯೇ ಎಂದು ಹುಡುಕುತ್ತಿದ್ದದ್ದೂ ಹಾಗೆಯೇ. ಬೆರಳು ಎಡಗಡೆಯ ಮೂಲೆಗೆ ಬಂದು ನಿಂತಿತು. ಅಲ್ಲಿಯೇ ಬಹಳ ಹೊತ್ತು ಇತ್ತು.

"ಬಲೇಲಿ ಬಿದ್ದ ಮೀನಿಗೆ ಬಾಯಿ ತೂತಾಗಲ್ಲ ಮಾರಪ್ಪ" ಅಂದರು. "ಇದಕ್ಕಾಗಿದೆ. ಗಾಣ ಸರಿಯಾಗಿ ಕೂತು, ಅದು ಜೀವ ಬಿಟ್ಟು ಎಳೆದಾಡಿದ ತೂತು. ಗರಗಸ ಒಳಗಿಡು."

"ಮತ್ತೆ ನನ್ ಬಾನಿ?"

"ಸಿಮೆಂಟಿಂದು ತಗೋ ಹೋಗು, ಮಾರಾಯ."

ನಲ್ಲಿಯ ಕೆಳಗೆ ಕೂತು ಅವರೇ ಮೀನು ಹೆರೆದರು. ಹೆರೆಯುತ್ತ, ತಲೆಯೆತ್ತದೆ, ಮೊದಲ ಸಲ ಕೇಳಿದರು. "ಅಲ್ಲಿ ನೀರು ಹೆಂಗಿರುತ್ತೆ?"

"ಇದ್ದಲ್ಲಿ ಇರಲ್ಲ ಮಾವ."

"ಮುದ್ದೆ?"

"ಕರಗಿಹೋಯ್ತು."

"ಹಂಗಾ" ಅಂದರು. ಮೀನನ್ನು ಮಗುಚಿ ಇನ್ನೊಂದು ಮಗ್ಗುಲು ಹೆರೆದರು.

ರಂಜಿನಿ ಹಿತ್ತಲಿಗೆ ಹೋದಳು. ಆಟೋದವನು ದೋಣಿಯನ್ನು ಹಳೆಯ ಜಾಗದಲ್ಲೇ ಇಳಿಸಿದ್ದ. ಬಿಸಿಲಿಗೆ ಉಪ್ಪು ಒಣಗಿ ಹಳದಿಯ ಮೇಲೆ ಬಿಳಿಯ ಗೆರೆಗಳೆದ್ದಿದ್ದವು. ನುಗ್ಗೆಯ ನೆರಳು ಅವುಗಳ ಮೇಲೆ ಹಾದುಹೋಗುತ್ತಿತ್ತು. ಅವಳು ಒಳಗಿಳಿದು ಕೂತಳು. ಸ್ವೆಟರುಗಳು ಇನ್ನೂ ಒದ್ದೆ.

"ತಂದಿದೀನಿ" ಅಂದಳು, ಮೆಲ್ಲಗೆ. "ಈಗ ಮಾತಾಡಿ."

ಬಟ್ಟೆಯ ತಂತಿ ಗಾಳಿಗೆ ಅಲುಗಿತು. ಅಷ್ಟೇ. ಅವಳು ಕಾದಳು. ಎಷ್ಟೋ ಹೊತ್ತಿನ ಮೇಲೆ ಕೆನ್ನೆಗೆ ಕೈ ಹೋಯಿತು. ಒದ್ದೆಯಾಗಿತ್ತು. ನಾಲಿಗೆಗೆ ತಾಗಿಸಿದಳು. ಉಪ್ಪು.

ಹಿತ್ತಲ ಬಾಗಿಲಲ್ಲಿ ಸದ್ದಾಯಿತು. ಭೂತಪ್ಪ ಹೊಸ್ತಿಲ ಮೇಲೆ ನಿಂತಿದ್ದರು. ಒಂದು ಕ್ಷಣ ತಡೆದು ಆಮೇಲೆ ದಾಟಿ ಬಂದರು. ಕೈಯಲ್ಲಿ ಅಳತೆಪಟ್ಟಿ. ಸೊಸೆಯ ಪಕ್ಕದ ಸ್ವೆಟರುಗಳನ್ನು ನೋಡಿದರು, ಬೆರಳಿನ ಗಾಯವನ್ನು ನೋಡಿದರು.

"ಸ್ವಲ್ಪ ಸರಿ. ಸೀಟಿನ ಅಳತೆ ತಗೋಬೇಕು. ನಿನಗೆ ದೊಡ್ಡದಾಗಿದೆ."

ಅವಳು ಪಟ್ಟಿಯ ಕಡೆ ನೋಡಿದಳು.

"ಸಾದಾ ಸ್ಕೇಲೇ ಕಣಮ್ಮ" ಅಂದರು ಭೂತಪ್ಪ.